ಲಗ್ನಪತ್ರಿಕೆಯಷ್ಟು ಸಂದು

ಸಂತೆಯಲ್ಲಿ ಬದನೆಕಾಯಿಯನ್ನು ತೊಟ್ಟು ತಿರುಗಿಸಿ ನೋಡದೆ ಚೀಲಕ್ಕೆ ಹಾಕದವಳು ನಾನು. ಅಂಥವಳು ನಮ್ಮ ಹಳೆಯ ಕಾರಿಗೆ ಡಿಸ್ಟ್ರಿಬ್ಯೂಟರನ್ನು ಮಾತ್ರ ಫೋನಿನಲ್ಲಿ ಚಿತ್ರ ನೋಡಿ ತರಿಸಿಬಿಟ್ಟೆ. ಹೆದರಿಕೆಯಲ್ಲಿ ಮಾಡಿದ ಖರೀದಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಡಿಸ್ಟ್ರಿಬ್ಯೂಟರ್ ಎಂದರೆ ಲೋಟದ ಗಾತ್ರದ ಒಂದು ಡಬ್ಬಿ. ಕಾರ್ಬುರೇಟರ್ ಅಡುಗೆಮನೆಯಿದ್ದ ಹಾಗೆ, ಪೆಟ್ರೋಲು ಗಾಳಿ ಕಲಸಿ ಕಳಿಸುತ್ತದೆ. ಡಿಸ್ಟ್ರಿಬ್ಯೂಟರ್ ಪಂಕ್ತಿಯಲ್ಲಿ ಬಡಿಸುವವನು, ನಾಲ್ಕು ಸಿಲಿಂಡರಿಗೂ ಸರದಿ ತಪ್ಪದಂತೆ ಕಿಡಿ ಹಂಚುತ್ತದೆ. ಅಡುಗೆ ಎಷ್ಟೇ ಹದವಾಗಿದ್ದರೂ ಬಡಿಸುವವನು ಎಡವಿದರೆ ಊಟ ಕೆಟ್ಟಂತೆಯೇ.

ಕಾರು ಹಡಗಲಿಯ ನಮ್ಮಪ್ಪನದು. ಅವರ ಕಾಲದ ನಂತರ ಕೂಡ್ಲಿಗಿಯ ನಮ್ಮ ಮನೆಗೆ ಬಂತು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಇಷ್ಟು ಹಳೆಯ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಒಯ್ದು ತಪಾಸಣೆ ಮಾಡಿಸಬೇಕು. ಆ ಸೋಮವಾರ ನಮ್ಮ ಸರದಿ. ಆದರೆ ಎರಡು ತಿಂಗಳಿಂದ ಅದು ಏರು ಕಂಡರೆ ಸಾಕು, ಕೆಮ್ಮಿ ಜಗ್ಗಾಡುತ್ತಿತ್ತು. ನಮ್ಮವರು ಶಾಲಾ ಮೇಷ್ಟ್ರು. ಕರಾರು ಹಾಕಿಯೇಬಿಟ್ಟಿದ್ದರು: “ಇದೊಂದು ಸಲ ನೋಡೂದು. ಪಾಸಾಗಲಿಲ್ಲಂದ್ರ ಗುಜರಿಗಿ. ಆಮ್ಯಾಲ ಕಣ್ಣೀರು ಹಾಕಬ್ಯಾಡ.” ನಾನೂ ಬಾಯಿ ತಪ್ಪಿ “ಆತು” ಅಂದಿದ್ದೆ.

ಶನಿವಾರ ಬೆಳಿಗ್ಗೆ ಕೊಟ್ಟೂರಿಗೆ, ಖಾಸಿಂಸಾಬರ ಗ್ಯಾರೇಜಿಗೆ ಹೋದೆವು. ಅಪ್ಪನ ಕಾಲದಿಂದ ಕಾರಿಗೆ ಅವರದೇ ಕೈ. ನಮ್ಮವರೂ ಬಂದರು, ಗೆಲ್ಲುವ ಪಂದ್ಯವನ್ನು ಯಾರು ತಪ್ಪಿಸಿಕೊಳ್ಳುತ್ತಾರೆ? ನನ್ನ ಹೊಸ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ಖಾಸಿಂಸಾಬರು ಡಬ್ಬಿಯಿಂದ ತೆಗೆದು, ಎಳೆಕೂಸಿನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಅಕ್ಕಾರ, ಇದಕ್ಕ ಮೂಗಾ ಇಲ್ಲಲ್ರಿ!”

ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ನಳಿಗೆ ಬರುತ್ತದೆ. ಎಂಜಿನ್ನಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬ ಸುದ್ದಿ ಅದರಲ್ಲಿ ತಲುಪಿ, ಕಿಡಿ ಕೊಂಚ ಮುಂಚೆಯೋ ತಡವಾಗಿಯೋ ಬೀಳುತ್ತದೆ. ನಾನು ತರಿಸಿದ್ದರಲ್ಲಿ ಆ ನಳಿಗೆ ಸಿಕ್ಕಿಸುವ ಜಾಗವೇ ಇರಲಿಲ್ಲ.

“ಕೂಡಿಸಬೌದು ಬಿಡ್ರಿ. ಕಾರ್ಬುರೇಟರ್ ತೂತು ಮುಚ್ಚಿದ್ರ ಗಾಡಿ ಓಡತೈತಿ. ಆದ್ರ ಅದು ಹೇಳೂದು ಇದಕ್ಕ ಕೇಳಂಗಿಲ್ಲ.”

“ನಮ್ಮ ಮನ್ಯಾಗ ಹಂಗ ನಡದಿಲ್ಲೇನು?” ಅಂದರು ನಮ್ಮವರು.

ನನಗೆ ನಗು ಬರಲಿಲ್ಲ. ಖಾಸಿಂಸಾಬರು ಹಳೆಯ ಡಿಸ್ಟ್ರಿಬ್ಯೂಟರಿನ ನಡುವಿನ ದಂಡವನ್ನು ಹಿಡಿದು ಅಲ್ಲಾಡಿಸಿದರು. “ಇದು ಇನ್ನಾ ಗಟ್ಟಿ ಐತ್ರಿ. ಮತ್ಯಾಕ ಕೆಮ್ಮತೈತೋ!” ಅವರಿಗೇ ಗೊತ್ತಿಲ್ಲ. ಒಂದು ಕಡೆ ಮೂಗಿಲ್ಲದ ಹೊಸದು, ಇನ್ನೊಂದು ಕಡೆ ಹೆಸರಿಲ್ಲದ ರೋಗದ ಹಳೆಯದು. ಯಾವುದನ್ನು ನಂಬಿ ಸೋಮವಾರ ಹೊರಡಲಿ?

ಕಾರಿನ ಲೆಕ್ಕಕ್ಕೆಂದು ತಂದಿದ್ದ ಕ್ಯಾಲೆಂಡರನ್ನು ಚೀಲದಿಂದ ತೆಗೆದೆ. ಹೊಸ ಗ್ಯಾಸ್ ಜೋಡಿಸಿದ ದಿನ, ಹಾಲಿನವಳು ಬರದ ದಿನ, ಕಾರು ಮುನಿಸಿಕೊಂಡ ದಿನ ಎಲ್ಲವನ್ನೂ ಅದರ ಚೌಕಗಳಲ್ಲಿ ಬರೆದಿಡುತ್ತೇನೆ. ಹಿಂದಕ್ಕೆ ಮಗುಚುತ್ತ ಹೋದೆ. ಮೊದಲ ‘ಕೆಮ್ಮು’ ಸಿಕ್ಕಿತು. ಅದರ ಹಿಂದಿನ ದಿನದ ಚೌಕದಲ್ಲಿ ನನ್ನದೇ ಅಕ್ಷರ: ‘ಖಾಸಿಂಸಾಬ್, ಪಾಯಿಂಟ್ ಸೆಟ್ಟಿಂಗ್.’

ಆ ಚೌಕದ ಮೇಲೆ ಬೆರಳಿಟ್ಟೆ. ಖಾಸಿಂಸಾಬರು ಬಗ್ಗಿ ನೋಡಿದರು. ಸ್ಪಾನರ್ ಕೆಳಗಿಟ್ಟರು.

“ಅಂದ್ರ... ನನ್ನ ಕೈಯಾಗ ಕೆಟ್ಟೈತೇನ್ರಿ ಅಕ್ಕಾರ?”

ಅಪ್ಪನ ಕಾರಿನ ಆಸೆಗೆ ಅಪ್ಪನ ಮೆಕ್ಯಾನಿಕ್ಕನ್ನು ನೋಯಿಸಿದೆನಲ್ಲ ಎಂದು ಕ್ಯಾಲೆಂಡರ್ ಮಡಚುವಾಗ ಆ ದಿನ ಪೂರ್ತಿ ನೆನಪಿಗೆ ಬಂತು.

ಹಳೆಯ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಪುಟ್ಟ ಲೋಹದ ಪಾಯಿಂಟುಗಳಿರುತ್ತವೆ. ಅವು ಕೂಡಿ ಬಿಡುವ ಗಳಿಗೆಗೇ ಕಿಡಿ. ಬಿಟ್ಟಾಗ ನಡುವಿನ ಸಂದು ಎಷ್ಟಿರಬೇಕೆಂದು ಬೇರೆಯವರು ಉಕ್ಕಿನ ಪಟ್ಟಿಯಿಂದ ಅಳೆಯುತ್ತಾರೆ. ಖಾಸಿಂಸಾಬರು ಅಳೆಯುವುದು ಲಗ್ನಪತ್ರಿಕೆಯ ಚೂರಿನಿಂದ. ಅದೂ ಅರಿಶಿಣ ಹಚ್ಚದ, ದೇವರ ಹೆಸರಿಲ್ಲದ ಮೂಲೆಯೇ ಆಗಬೇಕು. ಆ ದಿನ ಗಿರಾಕಿಗಳ ಗದ್ದಲದಲ್ಲಿ ಅವರು ಕೈ ಚಾಚಿದಾಗ, ಹರಪನಹಳ್ಳಿಯ ನಾದಿನಿ ಮಗನ ಮದುವೆಯ ಪತ್ರಿಕೆಯನ್ನು ಕೊಟ್ಟವಳು ನಾನೇ. “ಹಾಳಿ ಛಲೋ ಐತ್ರಿ” ಎಂದು ಜಂಬವನ್ನೂ ಕೊಚ್ಚಿದ್ದೆ.

“ಆ ಚೂರು ಐತೇನ್ರಿ ಸಾಬರ?”

ತಗಡಿನ ಡಬ್ಬಿಯಲ್ಲಿತ್ತು. ಅವರು ಎರಡು ಬೆರಳಲ್ಲಿ ಹಿಡಿದು ಹಿಚುಕಿದರು. ಮುಖ ಅರಳಿತು. “ಯಪ್ಪಾ! ಇದು ಪತ್ರಿಕಿ ಅಲ್ರಿ, ಮನಿ ಮ್ಯಾಲಿನ ಹಂಚು! ಇಷ್ಟು ಸಂದು ಬಿಟ್ರ ಏರಿನ್ಯಾಗ ಕೆಮ್ಮದಽ ಏನ್ ಮಾಡತೈತಿ?” ಮರುಗಳಿಗೆಗೆ ತಾವೇ ತಲೆ ಚಚ್ಚಿಕೊಂಡರು. “ಹಿಚುಕಿ ನೋಡಬೇಕಿತ್ತು ನಾನು.” “ಕೊಡೂಮುಂದ ನಾ ನೋಡಬೇಕಿತ್ತು” ಅಂದೆ. ತಪ್ಪನ್ನು ಅರ್ಧರ್ಧ ಹಂಚಿಕೊಂಡೆವು.

ಈಗ ತೆಳ್ಳನೆಯ ಪತ್ರಿಕೆ ಬೇಕು. ಈ ವರ್ಷದವು ಎಲ್ಲವೂ ಹಂಚೇ. ಅಷ್ಟರಲ್ಲಿ ನಮ್ಮವರು ಚಪ್ಪಲಿ ಮೆಟ್ಟಿಕೊಂಡರು.

“ಎಲ್ಲಿಗ್ರೀ?”

“ಮನಿಗಿ. ಟ್ರಂಕಿನ್ಯಾಗ ನಮ್ಮದು ಐತಲ್ಲ. ನಿಮ್ಮಪ್ಪ ಅಚ್ಚು ಹಾಕಿಸಿದ್ದು, ತೆಳ್ಳಂದು.”

ಗುಜರಿ ಗುಜರಿ ಎನ್ನುತ್ತಿದ್ದ ಮನುಷ್ಯ ಬಿಸಿಲಲ್ಲಿ ಕೂಡ್ಲಿಗಿಯ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನದ ಹೊತ್ತಿಗೆ ನಮ್ಮ ಲಗ್ನಪತ್ರಿಕೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದರು. ಖಾಸಿಂಸಾಬರು ಕೇಳಿಯೇ ಕತ್ತರಿಸಿದರು. ‘ತಮ್ಮ ಸುಖಾಗಮನ ಬಯಸುವ’ ಎಂದಿದ್ದ ಮೂಲೆ ಹೋಯಿತು. ಅದರಿಂದ ಅಳೆದು ಪಾಯಿಂಟುಗಳ ಸಂದನ್ನು ಸರಿಮಾಡಿದರು. ಹಳೆಯ ಡಿಸ್ಟ್ರಿಬ್ಯೂಟರೇ ಇರಲಿ ಎಂದೆ.

ಸೋಮವಾರ ಹೆದ್ದಾರಿಯ ಮೊದಲ ಏರು ಬಂತು. ಸ್ಟೇರಿಂಗ್ ಹಿಡಿದಿದ್ದವಳು ನಾನೇ. ಅರ್ಧ ಏರಿನಲ್ಲಿ ಒಂದು ಕೆಮ್ಮು ಕೇಳಿಸಿತು. ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಟ್ಟೆ.

“ನಾನು, ನಾನು. ಗಂಟಲು ಒಣಗೈತಿ” ಅಂದರು ನಮ್ಮವರು.

ಕಾರು ಪಾಸಾಯಿತು. ಅದರ ಕೆಮ್ಮು ಅಂದಿಗೇ ನಿಂತಿದೆ. ಹೊಸ ಡಿಸ್ಟ್ರಿಬ್ಯೂಟರು ಡಬ್ಬಿಯ ಸಮೇತ ಟ್ರಂಕು ಸೇರಿದೆ, ಮೂಲೆಯಿಲ್ಲದ ಲಗ್ನಪತ್ರಿಕೆಯ ಪಕ್ಕದಲ್ಲಿ. ಕಾರಿನ ಮಾತು ಬಂದಾಗ ನಾವಿಬ್ಬರೂ ಈಗಲೂ ಜಗಳವಾಡುತ್ತೇವೆ. ಇರಲಿ ಬಿಡಿ, ಯಾವಾಗಲೂ ಅಂಟಿಕೊಂಡೇ ಇರುವ ಪಾಯಿಂಟುಗಳಲ್ಲಿ ಕಿಡಿ ಹುಟ್ಟುವುದಿಲ್ಲ ಎಂದು ಖಾಸಿಂಸಾಬರೇ ಹೇಳಿದ್ದಾರೆ. ಸಂದು ಹಂಚಿನಷ್ಟಾಗದಂತೆ ನೋಡಿಕೊಂಡರಾಯಿತು.