ವಿಳಾಸದಲ್ಲಿ ಕ್ಯಾಂಪ್ ಇದ್ದವರು

ನಮ್ಮವ್ವ ಅಡುಗೆಮನೆಯಿಂದ "ಹುಲಿಗೇ" ಎಂದು ಅರ್ಧ ಹೆಸರು ಕೂಗಿದರೆ ಸಾಕು, ಅಕ್ಕ ಹುಲಿಗೆಮ್ಮ, ಮಾವ ಹುಲಿಗೇಶ, ಪಕ್ಕದ ಮನೆಯ ಹುಲಿಗೆವ್ವ ಮೂವರೂ ಓಗೊಡುತ್ತಿದ್ದರು. ಹೊಸಪೇಟೆ ಸೀಮೆಯಲ್ಲಿ ಹುಲಿಗೆಮ್ಮ ದೇವಿಯ ಹೆಸರಿಲ್ಲದ ಮನೆ ಅಪರೂಪ, ನೋಡಿ. ಬೇಡದವರು ಬಂದು ನಿಂತರೆ ಅವ್ವ "ನೀನಲ್ಲ, ಹೋಗು" ಎಂದು ನಕ್ಕು ಕಳಿಸುತ್ತಿದ್ದಳು. ತೊಂಬತ್ತರ ದಶಕದಲ್ಲಿ ಸಂಡೂರಿನ ಗಣಿ ಕಂಪನಿಯೊಂದರ ಕಂಪ್ಯೂಟರ್ ಕೋಣೆ ಸೇರಿ, ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ವಿದ್ಯೆ ಕಲಿತಾಗ ನನಗೆ ನೆನಪಾದದ್ದು ಆ ಕೂಗೇ. ಹುಡುಕುವ ಪದವನ್ನು ಪೂರ್ತಿ ಹೇಳಬೇಕಿಲ್ಲ. ಮೊದಲು ಈ ಅಕ್ಷರಗಳು, ಆಮೇಲೆ ಏನಾದರೂ ಬರಲಿ ಎಂದು ಅಚ್ಚೊಂದನ್ನು ಕೊಟ್ಟರಾಯಿತು, ಸಾವಿರಾರು ಸಾಲುಗಳ ನಡುವಿನಿಂದ ಅದಕ್ಕೆ ಹೊಂದುವುದೆಲ್ಲ ಎದ್ದು ಬರುತ್ತದೆ. ಊಟದ ಹೊತ್ತಿನಲ್ಲೂ ನನಗೆ ಅದರದೇ ಧ್ಯಾನ.

ಆ ವರ್ಷ ಕಂಪನಿಯ ಶಾಲೆಗೆ ಒಬ್ಬ ಕಾಯಂ ಟೀಚರ್ ಬೇಕಾಗಿತ್ತು. ಕೆಲಸ ಸ್ಥಳೀಯರಿಗೇ ಎಂದು ಸಾರಿದ್ದರು. ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಅದೇ ಶಾಲೆಯಲ್ಲಿ ವರ್ಷಗಟ್ಟಲೆ ತಾತ್ಕಾಲಿಕವಾಗಿ ದುಡಿದಿದ್ದ ಅಕ್ಕನೂ ಅರ್ಜಿ ಹಾಕಿದಳು. ಇದು ತಪ್ಪಿದರೆ ಅವಳಿಗೆ ಮನೆಯೇ ಗತಿ.

ನೇಮಕಾತಿಯ ಸಾಹೇಬರು ನನ್ನನ್ನು ಕರೆದು, "ವಿಳಾಸದಲ್ಲಿ ಕ್ಯಾಂಪ್ ಅಂತ ಇರೋ ಅರ್ಜಿಗಳನ್ನೆಲ್ಲ ತೆಗೆದುಬಿಡಿ. ಕಾಲುವೆ ನೀರು ಬಂದ ಮೇಲೆ ಹೊರಗಿನಿಂದ ಬಂದು ಕ್ಯಾಂಪ್ ಕಟ್ಟಿಕೊಂಡೋರು ಅವರೆಲ್ಲ" ಎಂದರು. ನಮ್ಮ ಮನೆಯ ವಿಳಾಸದಲ್ಲೂ ಕ್ಯಾಂಪ್ ಇತ್ತು; ಅಚ್ಚು ಬರೆಯುವಾಗಲೇ ಅಕ್ಕ ಅದರಲ್ಲಿ ಸಿಕ್ಕುತ್ತಾಳೆಂದು ಗೊತ್ತಿತ್ತು. ತಿಳಿಸಿ ಹೇಳಿದರಾಯಿತು ಎಂದುಕೊಂಡೆ. ಅಣೆಕಟ್ಟು ಕಟ್ಟಿದಾಗ ನಮ್ಮೂರು ಮುಳುಗಿತು, ಅಜ್ಜ ಕಾಲುವೆ ಕೂಲಿಗಳ ಕ್ಯಾಂಪಿನಲ್ಲಿ ಗುಡಿಸಲು ಹಾಕಿದ. ತುಂಗಭದ್ರೆ ಸೀಮೆಗೆಲ್ಲ ಭತ್ತ ಕೊಟ್ಟಳು, ನಮಗೆ ಈ ವಿಳಾಸ ಕೊಟ್ಟಳು. ಇದನ್ನೆಲ್ಲ ಸಾಹೇಬರಿಗೆ ಬಿಡಿಸಿ ಹೇಳಿದೆ.

"ಒಬ್ಬರನ್ನ ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತೆ ಕಣ್ರೀ. ಕಂಪ್ಯೂಟರಿಗೆ ಅಕ್ಕ ತಂಗಿ ಇಲ್ಲ" ಎಂದು ನಕ್ಕರು.

ಕೆಲಸ ಸಿಕ್ಕಿದ್ದು ಅವರ ಹೆಂಡತಿಗೆ. ಮೊನ್ನೆ ಮೊನ್ನೆ ಮೈಸೂರಿನಿಂದ ಬಂದವರು; ವಿಳಾಸ ಸಂಡೂರಿನ ಕಂಪನಿ ಕ್ವಾರ್ಟರ್ಸ್. ನನ್ನ ಅಚ್ಚಿನಲ್ಲಿ ಒಂದು ಚುಕ್ಕೆಯ ತಪ್ಪೂ ಇರಲಿಲ್ಲ ಗೆಳೆಯರೇ, ನನ್ನ ಸಂಕಟ ಇರುವುದೇ ಅಲ್ಲಿ. ತಪ್ಪಿದ್ದಿದ್ದರೆ ಕೂತು ತಿದ್ದುತ್ತಿದ್ದೆ.

ಸಂಜೆ ಅಕ್ಕನಿಗೆ ಸಮಾಧಾನ ಹೇಳಲು ಹೋದೆ. ಇದು ಮಿಷಿನ್ ಮಾಡಿದ ಕೆಲಸ, ಅದಕ್ಕೆ ಯಾರ ಕಥೆಯೂ ತಿಳಿಯುವುದಿಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಮ್ಮೂರು ಮುಳುಗಿದ್ದು ಸಾಹೇಬ್ರಿಗೆ ಹೇಳಿದ್ಯೇನೋ?"

"ಹೇಳಿದ್ನಕ್ಕ."

"ಹಂಗಾದ್ರ ಮಿಷಿನ್ ಮಾತ್ಯಾಕ ಆಡ್ತಿ?"