ಸವಾ ಐದು ಫೂಟು

ಅಂಗಿಗೆ ಅಳತೆ ಕೊಡಲು ಹೋದಾಗಲೆಲ್ಲ ದರ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಮುಗಿಸುವ ವೇಗಕ್ಕೆ ನಾನು ಬೆಚ್ಚಿಬೀಳುತ್ತೇನೆ. ನಾನು ಸವಾ ಐದು ಫೂಟಿನ ಆಸಾಮಿ. ನಮ್ಮ ಸೇಡಂ, ಚಿಂಚೋಳಿ ಕಡೆ ಐದರ ಮೇಲೊಂದು ಕಾಲು ಸೇರಿದರೆ ಸವಾ ಐದು, ಅಂದರೆ ಐದು ಫೂಟು ಮೂರು ಇಂಚು. ಅಷ್ಟಕ್ಕೇ ತೃಪ್ತನಾಗಿದ್ದ ನನ್ನನ್ನು ಕುಗ್ಗಿಸಿದ್ದು, ಓದುಗ ಮಹಾಶಯರೇ, ನಾನೇ ಬರೆದ ಒಂದು ಪ್ರೋಗ್ರಾಮು!

ಎಂಬತ್ತರ ದಶಕದಲ್ಲಿ ಶಹಾಬಾದಿನ ನಮ್ಮ ಕಚೇರಿಗೆ ಕಂಪ್ಯೂಟರು ಬಂದ ಹೊಸತು. ಭಿನ್ನರಾಶಿ ಅಜ್ಜಂದಿರಿಗೆ, ದಶಮಾಂಶವೇ ನಾಗರಿಕರ ಲಕ್ಷಣ ಎಂಬ ಠೇಂಕಾರದಲ್ಲಿ ಸೆಂಟಿಮೀಟರನ್ನು ಫೂಟಿಗೆ ಪರಿವರ್ತಿಸುವ ಪ್ರೋಗ್ರಾಮು ಬರೆದು, ಬಿಂದುವಿನ ಮುಂದೆ ಒಂದೇ ಅಂಕಿ ಸಾಕೆಂದು ವಿಧಿಸಿದ್ದೆ. ಚಿತ್ತಾಪುರಕ್ಕೆ ಹೆಣ್ಣು ನೋಡಲು ಹೊರಟಾಗ ನನ್ನ ನೂರಾ ಅರವತ್ತು ಸೆಂಟಿಮೀಟರನ್ನು ಅದಕ್ಕೆ ಒಪ್ಪಿಸಿ, ಅಚ್ಚಾದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೆ. ಅದರಲ್ಲಿ 5.2 ಎಂದಿತ್ತು.

ಹುಡುಗಿ ಚಹಾ ಕೊಟ್ಟು ಒಮ್ಮೆ ನೋಡಿದ್ದೇ ತಡ, ಮದುವೆಯೆಂದರೆ ಇವಳೊಂದಿಗೇ ಎಂದು ನಿರ್ಧರಿಸಿಬಿಟ್ಟೆ. ಅಷ್ಟರಲ್ಲಿ ಅವಳ ಅಪ್ಪ ಎತ್ತರ ಕೇಳಿದರು. ಗತ್ತಿನಿಂದ ಚೀಟಿ ಚಾಚಿದೆ.

"ಐದು ಫೂಟು ಎರಡು ಇಂಚು! ನಮ್ಮ ಹುಡುಗಿ ಸವಾ ಐದು ಅದಾಳ್ರಿ. ಹುಡುಗನೇ ಗಿಡ್ಡ ಆದ್ರ ಮಂದಿ ನಗ್ತಾರ" ಎಂದರು.

ಬಿಂದುವಿನ ಮುಂದಿನ ಎರಡು ಇಂಚಲ್ಲ, ಫೂಟಿನ ಹತ್ತು ಪಾಲಿನಲ್ಲಿ ಎರಡು, ಮಿಕ್ಕ ಚೂರನ್ನು ನಾನೇ ಕತ್ತರಿಸಿದ್ದೇನೆ ಎಂದು ತೊದಲಿದೆ. ಸಾಲ ತೀರಿಸದೆ ಸಿಕ್ಕಿಬಿದ್ದವನನ್ನು ನೋಡುವಂತೆ ಎಲ್ಲರೂ ನನ್ನನ್ನೇ ನೋಡಿದರು. ಆಗ ಹುಡುಗಿಯ ಅಜ್ಜಿ ಒಳಗಿಂದ ಮೊರ ಹಿಡಿದು ಬಂದರು.

"ಮಷೀನ್ ಮಾತು ಬಿಡ್ರಿ. ಇಬ್ಬರಿಗಿ ಬೆನ್ನಿಗಿ ಬೆನ್ನು ಹಚ್ಚಿ ನಿಂದರಸ್ರಿ!"

ಮದುವೆಗೆ ಮುಂಚೆಯೇ ಬೆನ್ನಿಗೆ ಬೆನ್ನೇ! ಜೊತೆಗೆ ಬಂದಿದ್ದ ನನ್ನ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ನಮ್ಮಿಬ್ಬರ ತಲೆಯ ಮೇಲೆ ಇಟ್ಟ ಮೊರ ಮಾತ್ರ ಯಾವ ಕಡೆಗೂ ವಾಲಲಿಲ್ಲ.

"ಇಬ್ಬರೂ ಸವಾ ಐದು. ಸಕ್ರಿ ತರ್ರಿ" ಎಂದು ಅಜ್ಜಿ ಅಲ್ಲೇ ಸಂಬಂಧ ಗಟ್ಟಿ ಮಾಡಿಬಿಟ್ಟರು.

ಮೊನ್ನೆ ಅಳತೆ ಕೊಟ್ಟು ಬಂದು, ದರ್ಜಿಯ ನೋಟದ ಬಗ್ಗೆ ಹೆಂಡತಿಯೆದುರು ಗೊಣಗುತ್ತಿದ್ದೆ. ಅವಳು ಅಕ್ಕಿ ಕೇರುತ್ತಲೇ ಹೇಳಿದಳು: "ಅಪ್ಪ ಹೇಳಿದ್ದಕಿಂತ ನಾ ಉದ್ದ ಇದ್ದೆ. ಅವತ್ತು ಸೀರಿ ಒಳಗ ಮೊಣಕಾಲು ಬಗ್ಗಿಸಿ ನಿಂತಿದ್ದೆ."

ಎಷ್ಟು ಬಗ್ಗಿಸಿದ್ದಳೆಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ದರ್ಜಿ ಏನೇ ಬರೆದುಕೊಳ್ಳಲಿ, ನಮ್ಮ ಮನೆಯಲ್ಲಿ ಇಬ್ಬರೂ ಸವಾ ಐದು.