ಬಳೆ ಇಡುವ ಎಡೆ

ಅಣ್ಣ ಟಿಫಿನ್ ಕ್ಯಾರಿಯರಿನ ಊಟ ಮುಟ್ಟದೆ ವಾಪಸು ತಂದ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ಅವನು, ಜೊತೆಯವರು ಅನ್ನಕ್ಕೆ ಏನೋ ಬೆರೆಸುತ್ತಾರೆ ಎಂದ. ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದು ವರ್ಷ ಅದನ್ನು ಸೊಕ್ಕು ಎಂದುಕೊಂಡೆವು, ಇನ್ನೊಂದು ವರ್ಷ ಮಾಟ ಎಂದುಕೊಂಡೆವು. ಕುಂಸಿ ಕಡೆಯ ಮಂತ್ರವಾದಿ ಕಟ್ಟಿದ ತಾಯಿತದ ದಾರ ಹರಿಯುವ ಹೊತ್ತಿಗೆ ಅಣ್ಣ ಸ್ನಾನ ಬಿಟ್ಟಿದ್ದ, ಗೋಡೆಗೆ ಮುಖ ಮಾಡಿ ಯಾರಿಗೋ ಉತ್ತರ ಕೊಡುತ್ತಿದ್ದ. ಕೊನೆಗೆ ಶಿವಮೊಗ್ಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು.

ಸ್ಕಿಜೋಫ್ರೇನಿಯಾ.

ಮಾತ್ರೆ, ಇಂಜೆಕ್ಷನ್ ಶುರುವಾದವು. ಎರಡನೇ ತಿಂಗಳು ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿಕೊಂಡರು. ನರಕೋಶ ಬೆಳೆಯಲು ಬೇಕಾದ ಒಂದು ಪ್ರೊಟೀನಿನ ಜೀನ್ ಒಬ್ಬೊಬ್ಬರಲ್ಲಿ ಚೂರು ಬೇರೆ ಇರುತ್ತದಂತೆ. ಆ ವ್ಯತ್ಯಾಸಕ್ಕೂ ಈ ಕಾಯಿಲೆಗೂ ನಂಟಿದೆಯೇ ಎಂದು ತಿಳಿಯಲು ಮನೆಯವರ ರಕ್ತ ಬೇಕಂತೆ. ಹಾಳೆಯ ಮೇಲೆ ನಮ್ಮ ವಂಶಾವಳಿ ಹಾಕುತ್ತಾ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದರು; ಕಾಯಿಲೆ ಇದ್ದ ಅಣ್ಣನ ಚೌಕವನ್ನು ಕಪ್ಪು ಮಾಡಿದರು.

"ಮನೇಲಿ ಹಿಂದೆ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮ ವಂಶದಲ್ಲೇ ಇಲ್ಲ ಸಾರ್" ಎಂದರು ಅಪ್ಪ.

"ನಿಮ್ಮ ಜೊತೆ ಹುಟ್ಟಿದವ್ರು?"

"ನಾನೊಬ್ನೇ."

ಆಗ ನನಗೆ ಎಡೆ ನೆನಪಾಯಿತು. ಭದ್ರಾವತಿಯ ನಮ್ಮ ಮನೆಯಲ್ಲಿ ಹಿರಿಯರ ಹಬ್ಬಕ್ಕೆ, ತೀರಿಹೋದವರಿಗೆಂದು ಮೂರು ಬಾಳೆಲೆ ಹಾಕಿ ಎಡೆ ಇಡುತ್ತೇವೆ. ಅಜ್ಜನ ಎಲೆಯ ಪಕ್ಕ ಪಂಚೆ, ಅಜ್ಜಿಯ ಎಲೆಯ ಪಕ್ಕ ಸೀರೆ. ಮೂರನೆಯದರ ಪಕ್ಕ ಅಪ್ಪ ಹಸಿರು ಬಳೆ ಇಡುತ್ತಿದ್ದರು. ಯಾರಿಗೆಂದು ಕೇಳಿದರೆ ಗದರುತ್ತಿದ್ದರು.

ಆಗ ನನ್ನ ಮದುವೆಯ ಮಾತಾಗಿತ್ತು. ಗಂಡಿನ ಕಡೆಯವರಿಗೆ ಅಣ್ಣನಿಗೆ ಟೈಫಾಯ್ಡ್ ಎಂದಿದ್ದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕೈ ಹಿಸುಕಿದಳು. ಆದರೂ ಕೇಳಿದೆ.

"ಅಪ್ಪ, ಬಳೆ ಇಡೋ ಎಲೆ ಯಾರದ್ದು?"

ಕೊನೆಗೆ ಅಪ್ಪ ಹೇಳಿದರು. ಹೊಳೆಹೊನ್ನೂರಿನಲ್ಲಿದ್ದಾಗ ಅವರಿಗೊಬ್ಬ ತಂಗಿ ಇದ್ದಳು, ಗೌರಿ. ಒಬ್ಬಳೇ ಮಾತಾಡುತ್ತಾಳೆಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಒಂದು ದಿನ ಬಾಗಿಲು ತೆರೆದಿತ್ತು. ಹೊಳೆ ಹತ್ತಿರವೇ ಇತ್ತು.

"ಚಿಲಕ ಹಾಕೋದು ಮರೆತೋನು ನಾನೇ ಸಾರ್."

ಡಾಕ್ಟರು ಅಪ್ಪನ ಚೌಕದ ಪಕ್ಕ ಒಂದು ಸೊನ್ನೆ ಬರೆದು ಪೂರ್ತಿ ಕಪ್ಪು ಮಾಡಿದರು. ಇದನ್ನು ಮೊದಲೇ ಹೇಳಿದ್ದರೆ ಅಣ್ಣನ ಎರಡು ವರ್ಷ ಉಳಿಯುತ್ತಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಮುಖ ನೋಡಿ ಬೈಯಲಾಗಲಿಲ್ಲ.

ರಕ್ತ ಕೊಡುವಾಗ ಕೇಳಿದೆ, "ನಂಗೂ ಬರುತ್ತಾ ಡಾಕ್ಟ್ರೇ?"

"ಆ ವ್ಯತ್ಯಾಸ ಇದ್ರೂ ಬರದೇ ಇರಬಹುದು, ಇಲ್ದೇನೂ ಬರಬಹುದು. ಈ ಟೆಸ್ಟ್ ನೋಡಿ ಭವಿಷ್ಯ ಹೇಳೋಕಾಗಲ್ಲಮ್ಮ."

ಗಂಡಿನ ಕಡೆಯವರಿಗೆ ನಿಜ ಹೇಳಿದೆವು. ಅವರು ಮತ್ತೆ ಬರಲಿಲ್ಲ. ಹುಡುಗ ನನಗೆ ಇಷ್ಟವಾಗಿದ್ದ. ಎರಡು ದಿನ ಅತ್ತೆ.

ಈ ಸಲದ ಹಬ್ಬಕ್ಕೆ, ಮಾತ್ರೆಯಿಂದ ಕೈ ನಡುಗುತ್ತಿದ್ದರೂ, ಎಲೆಗಳಿಗೆಲ್ಲ ಅಣ್ಣನೇ ಬಡಿಸಿದ. ಅಪ್ಪ ಬಳೆ ಇಟ್ಟು, "ಗೌರಿ, ಉಣ್ಣವ್ವ" ಎಂದರು. ಅವಳ ಹೆಸರನ್ನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಪೂಜೆ ಮುಗಿದ ಮೇಲೆ ಅಣ್ಣ ಹೋಗಿ ಆ ಎಲೆಯ ಮುಂದೆಯೇ ಕೂತ. ಮೊದಲ ತುತ್ತು ಮೂಸಿ ನೋಡಿದ. ನಮ್ಮ ಮೂವರ ಮುಖವನ್ನೂ ನೋಡಿದ.

ಉಂಡ. ಆಮೇಲೆ ಇನ್ನೊಂದು ಸೌಟು ಪಾಯಸ ಕೇಳಿದ.